ಕಾವಲುಗಾರನಿಗೆ ಕಟ್ಟಿದ ಕಟ್ಟು

ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಹದಿನಾರು ವರ್ಷ ಹಿರಿತನ ನಡೆಸಿದವನಿಗೆ ಶತ್ರುವಿಗೂ ಬೇಡವೆನ್ನುವ ಶಿಕ್ಷೆ ಬಂತು: ಹೆಂಡತಿಯ ತಂಗಿಯ ಗಂಡ ಅದೇ ಕೋಣೆಗೆ ಕೆಲಸಕ್ಕೆ ಸೇರಿದ. ಷಡ್ಡಕನನ್ನು ವರ್ಷಕ್ಕೆರಡು ಸಲ ಹಲ್ಲು ಕಿರಿದು ಸಹಿಸಬಹುದು. ದಿನಾ ಅಂದರೆ ಯಾರಿಗಾದೀತು?

ನೆಟ್‌ವರ್ಕಿಗೆ ನುಗ್ಗುವ ಕಳ್ಳರನ್ನು ಪತ್ತೆ ಹಚ್ಚುವ ಕಾವಲು ಪ್ರೋಗ್ರಾಮನ್ನು ಅಲ್ಲಿ ಕೂರಿಸಿದವನು ಹಿರಿಯನೇ. ರಗಳೆ ಬೇಡವೆಂದು ಇಡೀ ಯಂತ್ರದ ಅಧಿಕಾರವನ್ನೇ ಅದಕ್ಕೆ ಕೊಟ್ಟಿದ್ದ. ಷಡ್ಡಕ ಬಂದ ತಿಂಗಳಲ್ಲೇ ಮೇಲಧಿಕಾರಿ ಮೇಡಂ ಮುಂದೆ ಕೇಳಿದ: "ಭಾವ, ಕಳ್ಳ ಈ ಕಾವಲುಗಾರನನ್ನೇ ಬುಟ್ಟಿಗೆ ಹಾಕ್ಕೊಂಡ್ರೆ? ರೋಗಿಗಳ ದಾಖಲೆಯೆಲ್ಲ ಅವನ ಕೈಗೆ ಹೋಗಲ್ವಾ?"

ಕೇಳಿದ್ದು ಸರಿಯಾಗಿಯೇ ಇತ್ತು. ಹೊಟ್ಟೆ ಉರಿಸಿದ್ದೂ ಅದೇ.

ಕಾವಲು ಪ್ರೋಗ್ರಾಂ ಯಾವ ಫೈಲ್ ಓದಬಹುದು, ಎಲ್ಲಿ ಬರೆಯಬಹುದು ಎಂದು ಷಡ್ಡಕ ಪಟ್ಟಿ ಮಾಡಿದ. ಅದು ಬಿಟ್ಟು ಬೇರೆಲ್ಲಿ ಕೈ ಹಾಕಿದರೂ ಆಪರೇಟಿಂಗ್ ಸಿಸ್ಟಮ್ಮೇ ತಡೆಯುತ್ತದೆ, ಯಾರ ಮುಲಾಜೂ ಇಲ್ಲ. ಎರಡು ವಾರ ಏನನ್ನೂ ತಡೆಯದೆ, ಅದು ಏನೇನು ಮುಟ್ಟುತ್ತದೆಂದು ಗುರುತು ಹಾಕಿಕೊಂಡು, ಆಮೇಲೆ ಬಿಗಿ ಮಾಡಿದ. ಮೇಡಂ ಹೊಗಳಿದರು. ಮನೆಯಲ್ಲಿ ಹೆಂಡತಿಯೂ, "ನಮ್ಮ ತಂಗಿ ಗಂಡ ಭಾರಿ ಚುರುಕಂತೆ ಕಣ್ರೀ," ಎಂದಳು. ಹಿರಿಯನಿಗೆ ಊಟ ಸೇರಲಿಲ್ಲ.

ಒಂದನೇ ತಾರೀಕು, ಏನೇನು ತಡೆದೆನೆಂದು ಯಂತ್ರ ಬರೆದಿಡುವ ದಾಖಲೆಯಲ್ಲಿ ಹಿರಿಯನಿಗೆ ಒಂದು ಸಾಲು ಕಂಡಿತು: 'ತಡೆಯಲಾಗಿದೆ'. ಹೊಸ ಕಳ್ಳರ ಗುರುತುಗಳನ್ನು ಪ್ರೋಗ್ರಾಂ ತಿಂಗಳಿಗೊಮ್ಮೆ, ಒಂದನೇ ತಾರೀಕೇ, ತರಿಸಿಕೊಳ್ಳುತ್ತದೆ. ಷಡ್ಡಕ ಗಮನಿಸಿದ ಎರಡು ವಾರದಲ್ಲಿ ಆ ದಿನ ಬಂದಿರಲೇ ಇಲ್ಲ, ಹಾಗಾಗಿ ಆ ಕೆಲಸ ಪಟ್ಟಿಗೆ ಸೇರಿರಲಿಲ್ಲ. ಈಗ ಕಾವಲುಗಾರ ಕಣ್ಣು ಬಿಟ್ಟುಕೊಂಡೇ ಹೊಸ ಕಳ್ಳರನ್ನು ಒಳಗೆ ಬಿಡುತ್ತಾನೆ! ಹಿರಿಯನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮಧ್ಯಾಹ್ನ ಷಡ್ಡಕನೇ ಅವನ ಮೇಜಿನ ಬಳಿ ಬಂದ. "ಭಾವ, ನನ್ನ ಪಟ್ಟೀಲಿ ಏನಾದ್ರೂ ಬಿಟ್ಟುಹೋಗಿದೆಯಾ? ಈ ಪ್ರೋಗ್ರಾಂ ನಿಮಗೆ ಗೊತ್ತಿರೋಷ್ಟು ನನಗೆ ಗೊತ್ತಿಲ್ಲ."

"ಎಲ್ಲ ಸರಿಯಾಗಿದೆಯಪ್ಪ."

ಹದಿನೈದಕ್ಕೆ ಕಂಪ್ಯೂಟರ್ ಭದ್ರತೆಯ ತಪಾಸಣೆ ಇತ್ತು. ಕೋಣೆಯ ಮುಖ್ಯಸ್ಥ ಯಾರೆಂದು ಮೇಡಂ ತೀರ್ಮಾನಿಸುವುದೂ ಅಂದೇ. ಎಲ್ಲರೆದುರು ಷಡ್ಡಕನ ಮಾನ ಕಳೆಯಬೇಕು, ಅಷ್ಟೇ. ಹಿರಿಯ ದಿನಾ ಬೆಳಗ್ಗೆ ಆ ಒಂದು ಸಾಲನ್ನು ನೋಡಿ ತಣ್ಣಗಾಗುತ್ತಿದ್ದ. ರೋಗಿಗಳ ದಾಖಲೆ ನೆನಪಾದರೆ ಮನಸ್ಸು ಚುಚ್ಚುತ್ತಿತ್ತು. ಚುಚ್ಚಲಿ ಎಂದುಕೊಂಡ.

ತಪಾಸಣೆಯ ದಿನ ಗಂಟಲು ಸರಿಮಾಡಿಕೊಂಡು ಸಾಲು ತೋರಿಸಿದ. ತಪಾಸಕ ಪರದೆಯನ್ನು ಕೆಳಗೆ ಸರಿಸಿದ.

"ಅವತ್ತು ಸಂಜೆಯೇ ಸರಿಹೋಗಿದೆಯಲ್ಲ, ಇಲ್ಲೇ ಇದೆ. ಇದನ್ನ ನೀವು ಯಾವಾಗ ನೋಡಿದ್ರಿ?"

ಷಡ್ಡಕ ನಡುವೆ ಬಂದ: "ಒಂದನೇ ತಾರೀಕೇ ನೋಡಿದ್ರು. ಅವರಿಂದಲೇ ನನಗೆ ತಪ್ಪು ಗೊತ್ತಾಗಿದ್ದು."

ಮೇಡಂ ತಲೆದೂಗಿ ಹಿರಿಯನ ಹೆಸರು ಬರೆದುಕೊಂಡರು.

ಹೊರಗೆ ಬಂದ ಮೇಲೆ ಹಿರಿಯ ಸಿಡುಕಿದ: "ಯಾಕೋ ಸುಳ್ಳು ಹೇಳಿದೆ?"

"ಸುಳ್ಳಲ್ಲ ಭಾವ. ಅವತ್ತು ಎಲ್ಲ ಸರಿಯಾಗಿದೆ ಅಂದ್ರಲ್ಲ, ಆಗ ನಿಮ್ಮ ಪರದೆ ಮೇಲೆ ಆ ಸಾಲೇ ತೆರೆದಿತ್ತು."

ಮುಖ್ಯಸ್ಥನ ಹುದ್ದೆ ಹಿರಿಯನಿಗೇ ಸಿಕ್ಕಿತು, ಷಡ್ಡಕ ಕೊಡಿಸಿದ ಹುದ್ದೆ. ಅವನನ್ನು ಕಂಡರೆ ಈಗ ಮೊದಲಿಗಿಂತ ಹೆಚ್ಚು ಉರಿಯುತ್ತದೆ.