ಸೋಮವಾರದ ಹತ್ತು ನಿಮಿಷ

ರಾಜೀನಾಮೆ ಪತ್ರವನ್ನು ಮೇಜಿನ ಮೇಲಿಟ್ಟೆ. ಬೈಲಹೊಂಗಲದಲ್ಲಿ ನಾವು ಹನ್ನೆರಡು ಹೆಣ್ಣುಮಕ್ಕಳು ದುಡಿಯುವ ಹೊಲಿಗೆ ಘಟಕದ ಮ್ಯಾನೇಜರ್ ದಸ್ತಗೀರಸಾಬರು ಅದನ್ನು ಬಿಚ್ಚಲೇ ಇಲ್ಲ. ಕಿಟಕಿಯಾಚೆ ನೋಡುತ್ತ, ಕನಸಿನಲ್ಲಿದ್ದವರಂತೆ ಕೇಳಿದರು: "ನಾವಿಬ್ಬರ ಕುಂತ ಮಾತಾಡಿ ಎಷ್ಟ ದಿನ ಆತ ತಂಗೆವ್ವಾ?"

"ಆರು ತಿಂಗಳಾತ್ರಿ." ಅಷ್ಟೂ ದಿನ ಕತ್ತಲ ಮೂಲೆಯಲ್ಲಿ ಅಂಗಿಗಳಿಗೆ ಗುಂಡಿಯ ಕಾಜಾ ಹಾಕಿ ಹಾಕಿ ನನ್ನ ಕಣ್ಣು ಉರಿಯುತ್ತಿತ್ತು. ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಅವರು ಹೇಳಿದರು: "ನಮ್ಮೂರು ಮನೋಳಿಯೊಳಗ ನಮ್ಮಪ್ಪ ಸೋಮವಾರ ಎತ್ತು ಹೂಡತಿರಲಿಲ್ಲ. ಮೈ ತೊಳದು, ನೊಗದ ತಿಕ್ಕಾಟಕ್ಕ ಹೆಗಲ ಹುಣ್ಣಾಗೇತೇನಂತ ಕೈಯಾಡಿಸಿ ನೋಡಾಂವ. ಎತ್ತು ತಾನಾಗೇ ಹೇಳತೈತೇನು? ನಾ ಮೀಟಿಂಗಿನ್ಯಾಗ ನಿಮ್ಮನ್ನೆಲ್ಲಾ ಕೂಡೇ ನೋಡಿದೆ. ಒಬ್ಬೊಬ್ಬರನ್ನ ನೋಡಲಿಲ್ಲ."

"ಹಂಗಾರ ನಾ ಎತ್ತೇನ್ರಿ ಸಾಹೇಬ್ರ?" ಎಂದೆ. ನಗು, ಅಳು ಒಟ್ಟಿಗೇ ಬಂದವು. ಕಣ್ಣಿನ ಸಂಕಟವನ್ನು ಆಗಲೇ ಹೇಳಿಬಿಟ್ಟೆ. ಮರುದಿನ ನನ್ನ ಯಂತ್ರ ಬೆಳಕಿಗೆ ಬಂತು. ನಾನು ಕೆಲಸ ಬಿಡಲಿಲ್ಲ.

ಈಗ ಪ್ರತಿ ಸೋಮವಾರ ನಾವು ಒಬ್ಬೊಬ್ಬರಾಗಿ ಅವರೆದುರು ಹತ್ತು ನಿಮಿಷ ಕೂರುತ್ತೇವೆ. ಹೇಳಲು ಏನೂ ಇಲ್ಲದ ವಾರ ಇಬ್ಬರೂ ಕಿಟಕಿಯಾಚೆಯ ಜೋಳದ ಹೊಲದ ಮೇಲೆ ಮಂಜು ಕರಗುವುದನ್ನು ನೋಡುತ್ತೇವೆ. ಆಗಲೂ ಅವರು ಹತ್ತು ನಿಮಿಷ ತುಂಬುವ ಮೊದಲು ಏಳುವುದಿಲ್ಲ.