ವೆಲ್ಡಾಳ ಮಂಚದ ಕೆಳಗಿನ ಕಲ್ಲು

ನನಗೆ ಮರೆವು ಎಂದು ಬೆನ್ನ ಹಿಂದೆ ಆಡಿಕೊಳ್ಳುವವರು ಒಂದು ಸಲ ದಂಡೆಗೆ ಹೋಗಿ ವೆಲ್ಡಾಳನ್ನು ನೋಡಿ ಬನ್ನಿ, ಆಮೇಲೆ ಮಾತಾಡಿ. ಎಂಬತ್ತಾಯಿತು, ಮೊಣಕಾಲು ಹೋಗಿದೆ, ನಿಜ. ತಲೆ ಹೋಗಿಲ್ಲ. ನಡುವೆ ಬಾಯಿ ಹಾಕದೆ ಕೇಳಿ.

ನಮ್ಮ ಕ್ಯಾರಿಯಾಕು ದ್ವೀಪದ ಪೂರ್ವದ ದಂಡೆ. ಸೂರ್ಯ ಇನ್ನೂ ಹುಟ್ಟಿಲ್ಲ. ನಮ್ಮೂರಿನ ವೆಲ್ಡಾ ಕೈಯಲ್ಲಿ ಹಲ್ಲಿನ ಕುಂಟೆ ಹಿಡಿದು, ರಾತ್ರಿ ಕಡಲು ಎಸೆದುಹೋದ ಕಂದು ಪಾಚಿ ಬಾಚುತ್ತಿದ್ದಾಳೆ. ಬಿಟ್ಟರೆ ಮಧ್ಯಾಹ್ನದೊಳಗೆ ಅದು ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. ದಂಡೆಯ ಪಕ್ಕದ ಅತಿಥಿಗೃಹದ ಪ್ರವಾಸಿಗರು ಆಕಳಿಸುತ್ತ ಹೊರಗೆ ಬರುವಾಗ ಮರಳು ಬೆಳ್ಳಗಿರುತ್ತದೆ. ಯಾರು ಮಾಡಿದ್ದು ಎಂದು ಒಬ್ಬರೂ ಕೇಳುವುದಿಲ್ಲ. ಮೊನ್ನೆ ಒಬ್ಬ ಗುಡ್ ಮಾರ್ನಿಂಗ್ ಅಂತಲೂ ಹೇಳದೆ ಅವಳ ಫೋಟೊ ತೆಗೆದ. "ಪಾಪ, ಇವ್ರಮ್ಮ ಮಾತು ಕಲ್ಸಿಲ್ಲ," ಎಂದು ವೆಲ್ಡಾ ಬೆನ್ನು ತಿರುಗಿಸಿದಳು.

ಪಾಚಿಯ ಪ್ರತಿ ಗುಡ್ಡೆಯನ್ನೂ ಹೊರುವ ಮೊದಲು ಅವಳು ಕೊಡವುತ್ತಾಳೆ, ಮರಳು ಅಲ್ಲೇ ಉದುರಲಿ ಎಂದು. ದಂಡೆಯ ಹಿಂದೆಯೇ ನಮ್ಮ ಸ್ಮಶಾನ. ಅವಳ ತಾಯಿ ಮೊದಲ ಸಾಲಿನಲ್ಲಿದ್ದಾಳೆ. ಕಡಲಿಗೂ ಅವಳಿಗೂ ನಡುವೆ ಇರುವುದು ಈ ಮರಳು ಮಾತ್ರ.

ಹೋದ ತಿಂಗಳು ಅತಿಥಿಗೃಹದ ಮಾಲೀಕ ಆಲ್ರಿಕ್ ಬಂದ. "ವೆಲ್ಡಕ್ಕಾ, ಶನಿವಾರ ಪಾಚಿ ಎತ್ತೋ ಲೋಡರ್ ಬರುತ್ತೆ. ಇನ್ನು ಸೊಂಟ ಮುರ್ಕೋಬೇಡ."

"ಅದು ಪಾಚಿ ಜೊತೆ ಮರಳೂ ಎತ್ತುತ್ತೆ ಕಣೋ. ಪಕ್ಕದ ದಂಡೇಲಿ ಏನಾಯ್ತು? ಈಗ ರಸ್ತೇಲೇ ಮೀನು ಹಿಡೀತಾರೆ."

"ವಾಸ್ನೆ ಅಂತ ಜನ ರೂಮು ಬಿಟ್ಟು ಹೋಗ್ತಿದಾರೆ. ನೀನೊಬ್ಳು ಎಷ್ಟು ಅಂತ ಬಾಚ್ತೀಯ?"

ಅವನ ಮಾತೂ ಸುಳ್ಳಲ್ಲ.

ತಾಯಿಯ ಸಮಾಧಿ ಕಲ್ಲು ವರ್ಷಗಳಿಂದ ವೆಲ್ಡಾಳ ಮಂಚದ ಕೆಳಗೇ ಬಿದ್ದಿತ್ತು. ನಮ್ಮಲ್ಲಿ ಸತ್ತವರು ಕನಸಿಗೆ ಬಂದು ಕೇಳಿದ ಮೇಲೆಯೇ ಕಲ್ಲು ನಿಲ್ಲಿಸುವುದು, ಊರಿಗೆ ಊಟ ಹಾಕುವುದು. ಆ ಮುದುಕಿ ಬದುಕಿದ್ದಾಗ ಕಂಡಕಂಡವರ ಹತ್ತಿರ ಏನಾದರೂ ಕೇಳುತ್ತಿದ್ದಳು. ಸತ್ತ ಮೇಲೆ ಬಾಯೇ ಬಿಡಲಿಲ್ಲ. ಕೊನೆಗೆ ಗುರುವಾರ ಬೆಳಿಗ್ಗೆ ವೆಲ್ಡಾ ಬೀದಿಯಲ್ಲಿ ನಿಂತು ಹೇಳಿದಳು: "ಅಮ್ಮ ಕನಸಿಗೆ ಬಂದಿದ್ಲು. ಶನಿವಾರಾನೇ ಕಲ್ಲು ಬೇಕಂತೆ."

ಶನಿವಾರ ಲೋಡರ್ ಬಂದಾಗ, ಬಿಳಿ ಬಟ್ಟೆ ಸುತ್ತಿದ ಕಲ್ಲು ಜನರ ಹೆಗಲೇರಿ ದಂಡೆಯ ಮೇಲೆ ಬರುತ್ತಿತ್ತು. ಹಿಂದೆ ಇಡೀ ಊರು. ಚಾಲಕ ನಮ್ಮವನೇ, ಎಂಜಿನ್ ಆರಿಸಿ ಟೋಪಿ ತೆಗೆದ. ಎಲ್ಲರೂ ನಮ್ಮ ಪದ್ಧತಿಯಂತೆ ಕಲ್ಲಿಗೆ ರಮ್ಮು, ನೀರು ಚಿಮುಕಿಸಿದರು, ಅವನೂ ಚಿಮುಕಿಸಿದ. ಕಲ್ಲು ನಿಂತ ಮೇಲೆ ಮೆಕ್ಕೆಜೋಳದ ಮುದ್ದೆ, ಕೋಳಿ ಸಾರು ಉಂಡು ಕೈ ಒರೆಸಿಕೊಂಡ. "ಹೊಸಾ ಕಲ್ಲಿನ ಮುಂದೆ ಮರಳು ಕೀಳಕ್ಕೆ ನನ್ನ ಕೈಲಾಗಲ್ಲ ಆಲ್ರಿಕಣ್ಣ. ಬೇಕಾದ್ರೆ ನೀನೇ ಓಡ್ಸು," ಎಂದು ಕೀಲಿ ಚಾಚಿದ. ಆಲ್ರಿಕ್ ಕೀಲಿ ಮುಟ್ಟಲಿಲ್ಲ.

ಈಗ ಆಲ್ರಿಕ್ ತನ್ನ ಆಳುಗಳ ಜೊತೆ ಬೆಳಿಗ್ಗೆ ತಾನೂ ಬಾಚಲು ಬರುತ್ತಾನೆ. "ಕೊಡವು, ಚೆನ್ನಾಗಿ ಕೊಡವು. ನಿಮ್ಮಪ್ಪ ಮೂರನೇ ಸಾಲಲ್ಲಿದಾನೆ," ಎಂದು ವೆಲ್ಡಾ ಗದರುತ್ತಾಳೆ.

ನಿನಗೇನು ಆಸೆ ಎಂದು ಮೊನ್ನೆ ವೆಲ್ಡಾಳನ್ನು ಕೇಳಿದೆ.

"ನಾನಿರೋ ತನಕ ಅಮ್ಮನ ಕಾಲು ಒದ್ದೆ ಆಗ್ಬಾರ್ದು ಮಾಮ. ಅಷ್ಟೇ."

"ಕನಸಲ್ಲಿ ಹೇಗಿದ್ಲೇ ನಿಮ್ಮಮ್ಮ?"

ಅವಳು ಕುಂಟೆಯ ಹಲ್ಲಿಗೆ ಸಿಕ್ಕಿದ ಪಾಚಿ ಬಿಡಿಸಿದಳು. "ಆವತ್ತು ರಾತ್ರಿ ನಾನು ಮಲಗೇ ಇಲ್ವಲ್ಲ ಮಾಮ."

ಫೋನಿನಲ್ಲಿ ಹೇಳಿದ ಈ ಮಾತನ್ನು ನಿಮಗೆ ಬೇಕಾದವರಿಗೆಲ್ಲ ಕಳಿಸಿ. ಆಲ್ರಿಕ್‌ ಒಬ್ಬನಿಗೆ ಮಾತ್ರ ಬೇಡ.