ಬಟ್ಟಲ ಬೆನ್ನಿನ ಗೆರೆ

ಮೇಸ್ತ್ರಿಯ ಬಲಗೈ ಹೆಬ್ಬೆರಳಿನ ಉಗುರು ಯಾವತ್ತೂ ಉಗುರಿನ ಬಣ್ಣದ್ದಾಗಿರಲಿಲ್ಲ. ಹಳದಿ ಅರಗು ಹಚ್ಚಿದ ದಿನ ಹಳದಿ, ಕೆಂಪು ಹಚ್ಚಿದ ದಿನ ಕೆಂಪು, ಎರಡೂ ಕೂಡಿದ ದಿನ ಮಾಗಿದ ಮಾವಿನ ಸಿಪ್ಪೆಯ ಹಾಗೆ. ಲೇತಿನಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಅದು ಬಿಸಿಗೆ ಕರಗಿ ಹರಡುವಾಗ ಆ ಉಗುರಿನಿಂದ ಅಂಚು ಸವರಿ ನೋಡುತ್ತಿದ್ದರು. "ಕಣ್ಣಿಗೆ ಕಾಣ್ದಿರೋ ಏರುಪೇರು ಇದುಕ್ಕೆ ಸಿಕ್ತದೆ ಕಣವ್ವ" ಎಂದು ನನಗೂ ಒಂದು ಬಟ್ಟಲು ಕೊಟ್ಟು ಸವರಲು ಹೇಳಿದ್ದರು. ನನ್ನ ಉಗುರಿಗೆ ಏನೂ ಸಿಕ್ಕಿರಲಿಲ್ಲ.

ಅವರು ಚನ್ನಪಟ್ಟಣದವರು. ಮೂವತ್ತು ವರ್ಷ ಬುಗುರಿ, ಗಿಲಕಿ, ಆಟದ ಅಡುಗೆ ಸಾಮಾನು ಕಡೆದವರು. ಹೊರದೇಶದ ಪ್ಲಾಸ್ಟಿಕ್ ಆಟಿಕೆ ಬಂದು ಮನೆಯ ಲೇತು ತಿಂಗಳುಗಟ್ಟಲೆ ಸುಮ್ಮನೆ ನಿಂತಾಗ ನಮ್ಮ ಶೆಡ್ಡಿಗೆ ಬಂದರು. ಆಗ ಮೈಸೂರು ರಸ್ತೆಯ ಎರಡೂ ಬದಿ ರಾಗಿ ಹೊಲಗಳೆಲ್ಲ ಶೆಡ್ಡುಗಳಾಗುತ್ತಿದ್ದ ಕಾಲ. ನಮ್ಮದು ಗಾಳಿ ಅಳೆಯುವ ಉಪಕರಣ ಮಾಡುವ ಶೆಡ್ಡು. ಮೂರು ಪುಟ್ಟ ಬಟ್ಟಲು ಒಂದು ಕಡ್ಡಿಯ ಸುತ್ತ ತಿರುಗುತ್ತವೆ. ನಿಮಿಷಕ್ಕೆ ಎಷ್ಟು ಸುತ್ತು ಎನ್ನುವುದರ ಮೇಲೆ ಗಾಳಿಯ ವೇಗ ತಿಳಿಯುತ್ತದೆ. ಗಾಳಿಯಿಂದ ಕರೆಂಟು ಮಾಡುವ ಯಂತ್ರ ಹಾಕುವವರು ಮೊದಲು ಇದನ್ನು ಉದ್ದನೆಯ ಕಂಬಕ್ಕೆ ಕಟ್ಟಿ ಒಂದೆರಡು ವರ್ಷ ಅಳೆದು, ಆ ಜಾಗ ಲಾಯಕ್ಕೋ ಅಲ್ಲವೋ ಎಂದು ತೀರ್ಮಾನಿಸುತ್ತಾರೆ.

ನಾನು ಆಗಷ್ಟೇ ಡಿಪ್ಲೊಮಾ ಮುಗಿಸಿ ಕೋಡಿಹಳ್ಳಿಯಿಂದ ಬಂದಿದ್ದೆ. ರಾಮನಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ. ಶೆಡ್ಡಿನೊಳಗೆ ಮರದ ಹಲಗೆಯಲ್ಲಿ ಮಾಡಿದ ಒಂದು ಸುರಂಗ, ಅದರ ಬಾಯಿಗೆ ದೊಡ್ಡ ಫ್ಯಾನು. ಪ್ರತಿ ಉಪಕರಣವನ್ನೂ ಅದರೊಳಗೆ ನಿಲ್ಲಿಸಿ, ಸರಿಯಾಗಿ ತಿರುಗುತ್ತದೆಯೇ ನೋಡಿ, ಪರೀಕ್ಷೆಯ ಕಾಗದ ಬರೆದು ಸಹಿ ಹಾಕುವುದು ನನ್ನ ಕೆಲಸ. ಫ್ಯಾನು ಶುರುವಾದರೆ ಇಡೀ ಶೆಡ್ಡಿಗೆ ಕೇಳುವಂತೆ ಕೂಗುತ್ತಿತ್ತು.

ಒಂದು ದಿನ ಸಮುದ್ರದ ಆರ್ಡರು ಬಂತು. ಕರಾವಳಿಯಿಂದಾಚೆ ನೀರಿನ ನಡುವಿನ ಬಂಡೆಯ ಮೇಲೆ ಕಂಬ ನಿಲ್ಲಿಸಿ ಕಡಲಗಾಳಿ ಅಳೆಯುವವರಿಗೆ ಹನ್ನೆರಡು ಉಪಕರಣ ಬೇಕಿತ್ತು. ಉಪ್ಪುಗಾಳಿ ಲೋಹವನ್ನು ತಿಂದುಹಾಕುತ್ತದೆ, ಅರಗು ಹಚ್ಚಿದ ಮರಕ್ಕೆ ತುಕ್ಕಿಲ್ಲ ಎಂಬುದು ನಮ್ಮ ಮಾಲೀಕರ ತಲೆಗೆ ಹೊಳೆದ ಉಪಾಯ. ಬಟ್ಟಲು ಕಡೆಯಲು ಮೇಸ್ತ್ರಿ ಇದ್ದೇ ಇದ್ದರಲ್ಲ.

ಮೇಸ್ತ್ರಿ ಸಮುದ್ರ ನೋಡಿದವರಲ್ಲ. ಊಟದ ಹೊತ್ತಿನಲ್ಲಿ ಮುದ್ದೆ ಮುರಿಯುತ್ತಾ ನನ್ನನ್ನು ಕೇಳಿದ್ದರು, "ಅಲ್ಲಿ ಬೆಟ್ಟನೂ ಇಲ್ಲ, ಮರನೂ ಇಲ್ಲ, ಅಲ್ವಾ?" ಹೌದೆಂದೆ. "ಅಂಗಾರೆ ಅಲ್ಲೀ ಗಾಳೀನ ತಡೆಯೋರು ಯಾರೂ ಇಲ್ಲ ಅನ್ನು. ನೆಟ್ಟಗೆ ಬತ್ತದೆ. ಅಳೆಯೋದೂ ನೆಟ್ಟಗಿರ್ಬೇಕು." ನಾನು ಮೂರು ವರ್ಷ ಓದಿ ಕಲಿತದ್ದೂ ಇಷ್ಟೇ, ಇದಕ್ಕಿಂತ ಹೆಚ್ಚೇನಿಲ್ಲ.

ಅವರಿಗೊಂದು ಅಭ್ಯಾಸವಿತ್ತು. ಏನೇ ಕಡೆದರೂ ಕೊನೆಗೆ ಉಳಿಯ ಮೂಲೆ ತಾಗಿಸಿ ಕೂದಲೆಳೆಯಷ್ಟು ಸಣ್ಣ ಗೆರೆಯೊಂದನ್ನು ಸುತ್ತ ಎಳೆಯುತ್ತಿದ್ದರು. ಬುಗುರಿಗೆ ಮೊಳೆಯ ಹತ್ತಿರ, ಬಟ್ಟಲಿಗೆ ಬೆನ್ನ ಮೇಲೆ. ಗೆರೆ ಬಿದ್ದರೆ ಅದು ಅವರದು, ಕೆಟ್ಟರೆ ಅವರ ಹತ್ತಿರ ತರಬಹುದು. ಮನಸ್ಸಿಗೆ ಬಾರದ್ದಕ್ಕೆ ಗೆರೆ ಎಳೆಯದೆ ಒಲೆಗೆ ಹಾಕುತ್ತಿದ್ದರು. ಅವಸರ ಮಾಡಿದವರಿಗೆ ಅವರ ಉತ್ತರ ಒಂದೇ: "ಅವಸ್ರ ಇದ್ರೆ ಪ್ಲಾಸ್ಟಿಕ್ ತಗೊಂಡೋಗು."

ಮಾಲೀಕರಿಗೆ ಮಾತ್ರ ಅದನ್ನು ಹೇಳುವಂತಿರಲಿಲ್ಲ. ಬಟ್ಟಲು ಕಡೆಯಲು ಒಣಗಿಸಿಟ್ಟಿದ್ದ ಹಾಲೆ ಮರ ನಾಲ್ಕು ಉಪಕರಣಕ್ಕೆ ಮುಗಿದುಹೋಯಿತು. ಉಳಿದದ್ದು ಹಸಿ.

"ಇದು ಇನ್ನೂ ಎರಡು ತಿಂಗ್ಳು ನೆರಳಲ್ಲಿ ಒಣಗ್ಬೇಕು ಸಾಮಿ. ಈಗ ಕಡುದ್ರೆ ಸೊಟ್ಟಗಾಯ್ತದೆ."

"ಎರಡು ತಿಂಗಳು ಕಾಯೋಕೆ ಅವರೇನು ನಿನ್ನ ನೆಂಟ್ರಾ? ಕಡೆದು ಕೊಡು."

ಮೇಸ್ತ್ರಿ ಕಡೆದರು. ಆದರೆ ಗೆರೆ ಎಳೆಯಲಿಲ್ಲ. ಇಪ್ಪತ್ತನಾಲ್ಕು ಬಟ್ಟಲನ್ನು ಮೊರದಲ್ಲಿ ಇಟ್ಟುಕೊಂಡು ನನ್ನ ಮೇಜಿನ ಹತ್ತಿರ ಬಂದರು. "ನೋಡು ಮಗ, ಹದಿನೈದು ದಿನ ಇವ್ನ ಹಂಗೇ ಬುಟ್ಟಿರು. ಸೊಟ್ಟಗಾಗೋವು ಅಷ್ಟ್ರಲ್ಲಿ ಆಯ್ತವೆ. ಆಮೇಲೆ ಒಂದೊಂದೂ ನಿನ್ನ ಫ್ಯಾನಿಗೆ ಹಿಡ್ದು ನೋಡು. ತಪ್ಪಿದ್ವ ಎಸ್ದುಬುಡು, ನಾನು ಬೇಜಾರು ಮಾಡ್ಕಳಾಕಿಲ್ಲ. ನೀನು ನೋಡ್ತೀನಿ ಅಂದ್ರೆ ಗೆರೆ ಎಳೀತೀನಿ."

"ನೋಡ್ತೀನಿ ಮೇಸ್ತ್ರಿ" ಅಂದೆ. ಅವರು ಲೇತಿಗೆ ಹೋಗಿ ಇಪ್ಪತ್ತನಾಲ್ಕಕ್ಕೂ ಗೆರೆ ಎಳೆದರು. ನನ್ನ ಮಾತಿನ ಮೇಲೆ ಎಳೆದ ಗೆರೆಗಳು ಅವು.

ಹದಿನೈದು ದಿನ ಎಲ್ಲಿಯದು. ಐದನೇ ದಿನ ಮಾಲೀಕರು ಬಂದು, ಸಂಜೆಗೆ ಲಾರಿ ಬರುತ್ತೆ, ಒಂದನ್ನು ನೋಡಿ ಅದೇ ಅಂಕಿಯನ್ನು ಎಲ್ಲದಕ್ಕೂ ಬರೆದುಬಿಡು ಅಂದರು. ನಾನು ಬರೆದೆ. ಹನ್ನೆರಡು ಕಾಗದ, ಹನ್ನೆರಡು ಸಹಿ. ಕೆಲಸ ಬಿಟ್ಟು ಬಂದರೆ ಮದುವೆ ಎಂದು ಅಣ್ಣ ಕೋಡಿಹಳ್ಳಿಯಲ್ಲಿ ಗಂಡು ನೋಡಿಟ್ಟಿದ್ದ. ಅದು ನನ್ನ ಭಯ. ಭಯವಿತ್ತು ಎನ್ನುವುದು ನಿಜ, ಆದರೆ ಮಾಲೀಕರಿಗೆ ಒಮ್ಮೆ ಇಲ್ಲ ಅಂದು ನೋಡಲೂ ಇಲ್ಲ ಎನ್ನುವುದೂ ನಿಜ.

ಲಾರಿ ಹೋದ ಮೇಲೆ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಬಂದು ನಿಂತರು. ನಾನು ಬರೆದ ಇಂಗ್ಲಿಷು ಓದಲು ಬಾರದವರು. "ಫ್ಯಾನು ಒಂದೇ ಸಲ ಕೂಗ್ತು. ಕಾಗದ ಹನ್ನೆರಡು ಹೋದ್ವಲ್ಲವ್ವ" ಅಂದರು.

"ಎಲ್ಲಾ ಒಂದೇ ಥರ ಇರ್ತವೆ ಬಿಡಿ ಮೇಸ್ತ್ರಿ."

ಅವರು ನನ್ನ ಮುಖ ನೋಡಿ ಲೇತಿಗೆ ಹೋದರು. ಆಮೇಲೆ ಊಟಕ್ಕೆ ನನ್ನ ಹತ್ತಿರ ಕೂರಲಿಲ್ಲ.

ಆರು ತಿಂಗಳಿಗೆ ಕಡಲಿನವರು ಇಬ್ಬರು ಉಪಕರಣಗಳ ಸಮೇತ ಬಂದರು. ಒಂದೇ ಕಂಬ, ಒಂದೇ ಎತ್ತರ, ಅಕ್ಕಪಕ್ಕದ ಎರಡು ಉಪಕರಣ ಎರಡು ಗಾಳಿ ತೋರಿಸಿದ್ದವು. ಅವರ ಅಷ್ಟು ದಿನದ ದುಡಿಮೆ ನೀರುಪಾಲು. ಮಾಲೀಕರ ಕೋಣೆಗೆ ನನ್ನನ್ನೂ ಮೇಸ್ತ್ರಿಯನ್ನೂ ಕರೆಸಿದರು. ನನಗೆ ಕುರ್ಚಿ ಸಿಕ್ಕಿತು, ಮೇಸ್ತ್ರಿ ಬಾಗಿಲಲ್ಲಿ ನಿಂತರು.

ಬಂದವರಲ್ಲಿ ಹಿರಿಯರು ನನ್ನ ಸಹಿಯ ಕಾಗದಗಳನ್ನು ಹರಡಿ ಕೇಳಿದರು, "ಪ್ರತಿಯೊಂದನ್ನೂ ನೀವೇ ಪರೀಕ್ಷೆ ಮಾಡಿದಿರಾ?"

ಮೇಜಿನ ಗಾಜಿನ ಕೆಳಗೆ ಹಳೆಯ ಕ್ಯಾಲೆಂಡರಿನ ಚಿತ್ರವಿತ್ತು. ಅದನ್ನು ನೋಡುತ್ತಾ ಹೇಳಿದೆ: "ಹೌದು ಸರ್. ಪ್ರತಿಯೊಂದನ್ನೂ."

ಮಾಲೀಕರಿಗೆ ಅಷ್ಟು ಸಾಕಾಗಿತ್ತು. "ನೋಡಿ, ಇಲ್ಲಿಂದ ಹೋಗುವಾಗ ಸರಿಯಾಗಿದ್ದವು. ಅಲ್ಲಿ ಹೋಗಿ ಸೊಟ್ಟಗಾಗಿದ್ರೆ ಮರದ ತಪ್ಪು" ಎಂದು ಒಂದು ಬಟ್ಟಲನ್ನು ಬೋರಲು ಮಾಡಿ ಮೇಸ್ತ್ರಿಗೆ ತೋರಿಸಿದರು. "ಈ ಗೆರೆ ಯಾರದು?"

"ನಂದೇ ಸಾಮಿ."

"ಹಸಿ ಮರ ಅಂತ ಗೊತ್ತಿದ್ದೂ ಗೆರೆ ಹಾಕ್ದೆ?"

"ಊ. ಹಾಕ್ದೆ."

ನನ್ನನ್ನು ತೋರಿಸಿ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಅದನ್ನು ಅವರ ದೊಡ್ಡತನ ಎಂದು ಬರೆದುಬಿಟ್ಟರೆ ನನಗೆ ಎಷ್ಟು ಹಗುರ. ದೊಡ್ಡತನವಲ್ಲ ಅದು. ನನ್ನ ಬಗ್ಗೆ ಹೇಸಿಗೆಯಾಗಿತ್ತು ಅವರಿಗೆ, ಅದು ಮುಖದಲ್ಲೇ ಕಾಣುತ್ತಿತ್ತು.

ಅದೇ ಮಧ್ಯಾಹ್ನ ಮೇಸ್ತ್ರಿ ಉಳಿಗಳನ್ನು ಗೋಣಿಯಲ್ಲಿ ಸುತ್ತಿಕೊಂಡು ಕೆಲಸ ಬಿಟ್ಟು ಹೊರಟರು. ನಾನು ಗೇಟಿನ ತನಕ ಹಿಂದೆ ಹೋದೆ, ಏನು ಹೇಳಲು ಹೋದೆನೋ ಗೊತ್ತಿಲ್ಲ. ಅವರೇ ನಿಂತರು. "ಸುಳ್ಳು ಯೋಳ್ದೆ, ಓಗ್ಲಿ. ನನ್ನ ಮಖ ನೋಡ್ಕಂಡು ಯೋಳ್ಬೇಕಾಗಿತ್ತು" ಅಂದು ಬಸ್ಸಿಗೆ ಕೈ ಅಡ್ಡ ಹಿಡಿದರು.

ಹಸಿ ಮರ ಕೊಡುವವನು ಎಂಬ ಮಾತು ಚನ್ನಪಟ್ಟಣದ ತುಂಬ ಅವರಿಗಿಂತ ಮುಂಚೆಯೇ ಹರಡಿತ್ತು. ಒಳ್ಳೆಯ ಅಂಗಡಿಗಳು ಅವರ ಮಾಲು ಕೊಳ್ಳಲಿಲ್ಲ. ನಾನು ಮಾತ್ರ ಮೇಲೆ ಬಂದೆ. ಇವತ್ತಿಗೂ ಕಡಲಗಾಳಿ ಅಳೆಯುವ ಕೆಲಸವೇ ನನ್ನದು. ಒಂದೊಂದು ಉಪಕರಣವನ್ನೂ ಮತ್ತೆ ಮತ್ತೆ ಪರೀಕ್ಷಿಸುತ್ತೇನೆಂದು, ಬಹಳ ಕಟ್ಟುನಿಟ್ಟು ಎಂದು ಹೊಗಳುತ್ತಾರೆ. ಹೊಗಳಿದಾಗಲೆಲ್ಲ ಆ ಹನ್ನೆರಡು ಸಹಿ ನೆನಪಾಗುತ್ತವೆ.

ಮೇಸ್ತ್ರಿ ತೀರಿಕೊಂಡ ಸುದ್ದಿ ಶೆಡ್ಡಿನ ಹಳೆಯ ಗೆಳತಿಯಿಂದ ತಿಳಿಯಿತು. ಹೋದೆ. ಅವರ ಹೆಂಡತಿ ನನ್ನನ್ನು ಕಂಡವರಲ್ಲ. ಚಾಪೆ ಹಾಸಿ ಕೂರಿಸಿದರು. ನನ್ನ ಜೊತೆ ಮಗಳಿದ್ದಳೆಂದು ಲೇತಿನ ಪಕ್ಕದ ಬುಟ್ಟಿಯಿಂದ ಹಳದಿ ಬುಗುರಿಯೊಂದನ್ನು ತೆಗೆದುಕೊಟ್ಟರು. "ಕೊನೇಲಿ ಮಾಡಿದ್ದು ಕಣವ್ವ. ಮಗಿಗೆ ಇರ್ಲಿ."

ಮಗಳ ಕೈಯಿಂದ ತೆಗೆದುಕೊಂಡು ಮೊಳೆಯ ಹತ್ತಿರ ನೋಡಿದೆ. ಉಗುರಿನಿಂದ ಸವರಿದೆ. ನುಣ್ಣಗಿತ್ತು.

"ಗೆರೆ ಎಳೀತಿದ್ರಲ್ಲ" ಅಂದೆ.

"ಫ್ಯಾಕ್ಟ್ರಿ ಬುಟ್ಟ ಮ್ಯಾಲೆ ಒಂದುಕ್ಕೂ ಎಳೀನಿಲ್ಲ. ನಂದು ಅಂತ ಯೋಳ್ಕಂಡು ಏನಾಗ್ಬೇಕು ಅಂತಿದ್ರು." ಅವರು ನನ್ನ ಮುಖವನ್ನೇ ನೋಡುತ್ತಾ ಕೇಳಿದರು, "ಗೆರೆ ಇಸ್ಯ ನಿಂಗೆಂಗೊತ್ತು? ಅವರ ಜೊತೇಲಿ ಕೆಲ್ಸ ಮಾಡ್ತಿದ್ದಾ?"

ಹೌದು ಅಂದೆ. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಅಷ್ಟನ್ನೂ ಬುಗುರಿ ನೋಡುತ್ತಲೇ ಹೇಳಿದೆ.